ಅಳಿಯನ ಗಂಟಲು ಪರದೆಯ ಮೇಲೆ

ಊಟಕ್ಕೆ ಕುಳಿತ ಮನುಷ್ಯನ ದವಡೆಯನ್ನು ದಿಟ್ಟಿಸಿ ನೋಡುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು? ತಟ್ಟೆಯ ಮುಂದಿರುವವನು ರಾಗಿ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗೆ ಇಟ್ಟನೋ ಇಲ್ಲವೋ, ನಿಮ್ಮ ದೃಷ್ಟಿ ಅವನ ಕೆನ್ನೆಗೆ ಅಂಟಿಕೊಳ್ಳುತ್ತದೆ. ಗಂಟಲು ಒಮ್ಮೆ ಮೇಲೇರಿ ಇಳಿದರೆ ನಿಮಗೆ ಸಮಾಧಾನ. ಕೆನ್ನೆ ಅಲುಗಿತೋ, ಪಕ್ಕದವನನ್ನು ಮೊಣಕೈಯಿಂದ ತಿವಿಯುತ್ತೀರಿ. ಆ ಮನುಷ್ಯ ಸತ್ಯವಂತನೇ, ಕೊಟ್ಟ ಮಾತಿಗೆ ನಿಲ್ಲುವವನೇ, ಮನೆಯವರನ್ನು ಮರ್ಯಾದೆಯಿಂದ ನಡೆಸಿಕೊಳ್ಳುವವನೇ ಎಂದು ಒಂದು ದಿನವೂ ವಿಚಾರಿಸದ ನೀವು, ಅವನು ಮುದ್ದೆಯನ್ನು ನುಂಗುತ್ತಾನೋ ಅಗಿಯುತ್ತಾನೋ ಎಂಬುದನ್ನು ಮಾತ್ರ ಊರಿಗೆಲ್ಲ ತಿಳಿಸುತ್ತೀರಿ. ಈ ಅಭ್ಯಾಸದಿಂದ ಒಬ್ಬ ನಿರಪರಾಧಿಗೆ ಏನಾಯಿತೆಂಬುದನ್ನು ಹೇಳುತ್ತೇನೆ. ನಗು ಬಂದರೆ ನಗಿ. ಆದರೆ ನಕ್ಕ ಮೇಲೆ ನಾಚಿಕೊಳ್ಳಲು ಸ್ವಲ್ಪ ಜಾಗ ಉಳಿಸಿಕೊಳ್ಳಿ.

ಆ ನಿರಪರಾಧಿಯ ಹೆಸರು ಚಲಪತಿ. ಮನೆ ಉರಿಗಾಂನ ಹಳೆಯ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ. ಅಂಗಡಿ ಬಂಗಾರಪೇಟೆಯ ಮಾರುಕಟ್ಟೆಯಲ್ಲಿ. ಕೆಟ್ಟ ಮಿಕ್ಸಿಗಳನ್ನೂ ಗ್ರೈಂಡರುಗಳನ್ನೂ ರಿಪೇರಿ ಮಾಡುವುದು ಅವನ ಕಸುಬು. ತಾಲೂಕಿನ ಅರ್ಧದಷ್ಟು ಮನೆಗಳಲ್ಲಿ ಚಟ್ನಿ ಅರೆಯುವುದು ಅವನ ಕೈಗುಣದಿಂದ. ಆದರೆ ಅವನ ಮಾವ ಅವನನ್ನು ಮೆಚ್ಚಿದ್ದು ಈ ಕೈಗುಣಕ್ಕಲ್ಲ, ಗಂಟಲಿಗೆ.

ಮಾವ ಜಯರಾಮಪ್ಪನವರು ಕ್ಯಾಸಂಬಳ್ಳಿಯ ರಾಗಿ ಬೆಳೆಗಾರರು, ಹಾಲಿನ ಡೇರಿಯ ಮಾಜಿ ಅಧ್ಯಕ್ಷರು. ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು ಕೊಡುವುದು ಲೋಕದ ರೂಢಿ. ಜಯರಾಮಪ್ಪನವರು ಮುದ್ದೆ ಬಡಿಸುತ್ತಿದ್ದರು. ಬಡಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತು, ನ್ಯಾಯಾಧೀಶರಂತೆ ನೋಡುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸವಿದ್ದ ಒಬ್ಬ ವರ ಮೊದಲ ತುತ್ತಿಗೇ ದವಡೆ ಆಡಿಸಿದ. ಆ ಸಂಬಂಧ ಸಾರು ಆರುವ ಮೊದಲೇ ಮುರಿಯಿತು.

"ಇಟ್ಟು ಅಗ್ಯೋನು ನಾಳೆ ಕೊಟ್ಟ ಮಾತ್ನೂ ಅಗೀತಾನೆ" ಎಂದು ಜಯರಾಮಪ್ಪನವರು ತೀರ್ಪಿತ್ತರು. ಅವರ ಕಡೆ ಮುದ್ದೆಯನ್ನು ಹಿಟ್ಟೆನ್ನುತ್ತಾರೆ. ಬಾಯಿಂದ ಬರುವಾಗ ಅದು 'ಇಟ್ಟು' ಆಗುತ್ತದೆ.

ಅನಂತರ ಬಂದವನು ಚಲಪತಿ. ಅವನಿಗೆ ಆ ದಿನ ಹೆದರಿಕೆಯಿಂದ ದವಡೆಯೇ ಮರಗಟ್ಟಿತ್ತು. ಬಾಯಿಗಿಟ್ಟದ್ದೆಲ್ಲ ತಾನಾಗಿಯೇ ಒಳಗೆ ಜಾರಿತು. ಒಂದು ಮುದ್ದೆ ಮುಗಿಯಿತು, ಎರಡನೆಯದೂ ಮುಗಿಯಿತು. ಜಯರಾಮಪ್ಪನವರು ಎದ್ದು ನಿಂತು, ಮಗಳು ಕಲಾಳನ್ನು ಒಳಗಿನಿಂದ ಕರೆದು, "ಇವ್ರೇ" ಎಂದರು. ಒಬ್ಬ ಮನುಷ್ಯನ ಭಯವನ್ನು ಅವನ ಸಾಮರ್ಥ್ಯವೆಂದು ತಿಳಿಯುವ ತಪ್ಪು ನಮ್ಮ ಚುನಾವಣೆಗಳಲ್ಲೂ ನಡೆಯುತ್ತದೆ; ಇಲ್ಲಿ ಅದೃಷ್ಟವಶಾತ್ ಒಳ್ಳೆಯ ಗಂಡನೇ ಸಿಕ್ಕಿದ.

ಹೀಗೆ ಗಂಟಲಿನ ಮೇಲೆ ಕಟ್ಟಿದ ಸಂಸಾರ ವರ್ಷಗಟ್ಟಲೆ ಚೆನ್ನಾಗಿಯೇ ನಡೆಯಿತು. ಕಳೆದ ಯುಗಾದಿ ಮುಗಿದ ಮೇಲೆ ಚಲಪತಿಗೆ ಮುದ್ದೆ ಎದೆಯ ಹಿಂದೆ ಎಲ್ಲೋ ನಿಲ್ಲತೊಡಗಿತು. ಒಮ್ಮೆ ನಿಂತರೆ ಕಣ್ಣಲ್ಲಿ ನೀರು; ಚೊಂಬು ನೀರು ಕುಡಿದ ಮೇಲೆ ಇಳಿಯುತ್ತಿತ್ತು. ಅಂಗಿ ಸಡಿಲವಾಯಿತು, ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಬಿತ್ತು. ಪ್ರಾಮಾಣಿಕ ನಾಗರಿಕನಾದವನು ಇಂಥ ಸಮಯದಲ್ಲಿ ವೈದ್ಯರ ಬಳಿಗೆ ಹೋಗಬೇಕು. ಚಲಪತಿ ಅಡುಗೆಮನೆಯ ಬಾಗಿಲ ಹಿಂದಕ್ಕೆ ಹೋದ. ಅಲ್ಲಿ ನಿಂತು, ಗೋಡೆಗೆ ಮುಖಮಾಡಿ, ಕದ್ದು ಅಗಿಯತೊಡಗಿದ.

ಒಂದು ದಿನ ಕಲಾ ಬಾಗಿಲನ್ನು ಎಳೆದಳು.

"ಏನ್ರೀ, ಬಾಗ್ಲಿಂದೆ ನಿಂತ್ಕೊಂಡು ಮೆಲುಕಾಕ್ತಾ ಇದ್ದೀರಾ?"

"ಸೊಪ್ಪಿನ ದಂಟು ಸಿಕ್ಕಾಕ್ಕೊಂಡಿತ್ತು ಕಣೇ."

"ಇವತ್ತು ಮಾಡಿರೋದು ಬರೀ ಕಾಳ್ ಸಾರು. ದಂಟು ಎಲ್ಲಿಂದ ಬಂತು?"

ಚಲಪತಿ ಉತ್ತರವನ್ನೂ ತುತ್ತನ್ನೂ ಒಟ್ಟಿಗೆ ನುಂಗಲು ಹೋಗಿ ಎರಡೂ ನಿಂತವು. ಅವನ ಕೆಮ್ಮು ಕೇಳಿ ಪಕ್ಕದ ಮನೆಯ ಮಾರಿಯಮ್ಮ ಚೊಂಬಿನೊಂದಿಗೆ ಓಡಿಬಂದಳು. ಗಣಿ ಕೆಲಸಗಾರನ ವಿಧವೆಯಾದ, ಚಲಪತಿಯನ್ನು ತಮಿಳಿನಲ್ಲಿ 'ತಂಬಿ', ಅಂದರೆ ತಮ್ಮ, ಎಂದು ಕರೆಯುವ ಆ ಮುದುಕಿ ಬಹಳ ಕಾಲದಿಂದ ಆ ಸಾಲಿನಲ್ಲೇ ಇರುವವಳು. ಗೋಡೆಯಾಚೆಯ ಕೆಮ್ಮುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲವಳು.

"ಇದು ನೆಗಡಿ ಕೆಮ್ಮಲ್ಲ ಕಲಾ" ಎಂದಳು. "ತಂಬೀನ ಆಸ್ಪತ್ರೆಗೆ ಕರ್ಕೊಂಡು ಓಗು."

ಬಂಗಾರಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ದಿವ್ಯ ಎಲ್ಲವನ್ನೂ ಕೇಳಿದರು, ತೂಕ ನೋಡಿದರು, ಹುಬ್ಬು ಗಂಟಿಕ್ಕಿದರು.

"ಗುರುವಾರ ಬನ್ನಿ. ಒಂದು ಬಿಳೀ ಔಷಧಿ ಕುಡಿಸ್ತೀವಿ. ನೀವು ನುಂಗ್ತಾ ಇರುವಾಗಲೇ ಎಕ್ಸರೇಲಿ ನೋಡ್ತೀವಿ. ಮಾಮೂಲಿ ಎಕ್ಸರೇ ಫೋಟೋ ಇದ್ದ ಹಾಗೆ. ಇದು ಸಿನಿಮಾ ಥರ, ಒಳಗೆ ನಡೀತಿರೋದು ಆಗಿಂದಾಗ್ಗೆ ಪರದೆ ಮೇಲೆ ಕಾಣುತ್ತೆ. ಎಲ್ಲಿ ನಿಲ್ಲುತ್ತೆ ಅಂತ ಗೊತ್ತಾಗುತ್ತೆ."

"ಕೆಟ್ಟ ಗಡ್ಡೆ ಗಿಡ್ಡೆ ಏನಾದ್ರೂ ಇರ್ಬೋದಾ ಮೇಡಂ?" ಎಂದು ಕಲಾ ಸೆರಗಿನ ತುದಿ ಸುತ್ತುತ್ತಾ ಕೇಳಿದಳು.

"ನೋಡದೆ ಹೇಳೋಕಾಗಲ್ಲಮ್ಮ. ಅದಕ್ಕೇ ತಡ ಮಾಡಬೇಡಿ ಅಂತಿರೋದು."

ಬದುಕು ಸಾವಿನ ಈ ಪ್ರಶ್ನೆಯ ನಡುವೆ ಚಲಪತಿ ಕೇಳಿದ್ದೇನು ಗೊತ್ತೇ?

"ಮೇಡಂ, ದವಡೆಯೂ ಕಾಣ್ಸುತ್ತಾ?"

"ಕಾಣ್ಸುತ್ತೆ."

"ಅದು ಅಲ್ಲಾಡೋದು?"

"ಅದೂ ಕಾಣ್ಸುತ್ತೆ. ಯಾಕೆ?"

"ಸುಮ್ನೆ ಕೇಳ್ದೆ."

ಕಲಾ ಅಂದು ಸಂಜೆ ತವರಿಗೆ ಫೋನು ಮಾಡಿ ವಿಷಯ ತಿಳಿಸಿದಳು. ಅವಳು ಬಯಸಿದ್ದು ತಂದೆಯಿಂದ ಒಂದು ಧೈರ್ಯದ ಮಾತು. ಆದರೆ ಜಯರಾಮಪ್ಪನವರು ಫೋನು ತೆಗೆದುಕೊಂಡದ್ದು ಡೇರಿಯ ಮುಂದೆ, ಹಾಲು ಹಾಕಲು ಬಂದವರ ಮಧ್ಯೆ. ಪಕ್ಕದಲ್ಲೇ ಅವರ ಷಡ್ಡಕ ಶ್ರೀನಿವಾಸಪ್ಪ ನಿಂತಿದ್ದರು. ಇವರು ಗ್ರಾಮ ಪಂಚಾಯಿತಿಯ ಮೆಂಬರು. ಅರ್ಧ ಕೇಳಿದ ಸಂಗತಿಯನ್ನು ಪೂರ್ತಿ ವಿವರಿಸುವುದರಲ್ಲಿ ಪಳಗಿದವರು.

"ನುಂಗೋದನ್ನ ಪರದೆ ಮೇಲೆ ನೋಡ್ತಾರಂತೆ" ಎಂದರು ಜಯರಾಮಪ್ಪನವರು, ಫೋನನ್ನು ಜೇಬಿಗಿಡುತ್ತಾ. "ದವಡೆ ಸಮೇತ."

ಶ್ರೀನಿವಾಸಪ್ಪ ತಲೆದೂಗಿದರು. "ಅಂಗಾದ್ರೆ ಯಾರೋ ಕಂಪ್ಲೇಂಟ್ ಕೊಟ್ಟವ್ರೆ ಬಾವಾ."

"ಏನಂತ?"

"ಇನ್ನೇನಂತ? ನಿಮ್ಮ ಅಳೀಮಯ್ಯ ಅಗೀತಾನೆ ಅಂತ. ಇಲ್ದಿದ್ರೆ ಅಷ್ಟು ದೊಡ್ಡ ಮಿಷನ್ನು ಸುಮ್ನೆ ಯಾಕಾಕ್ತಾರೆ? ಅದು ಅಗಿಯೋರ್ನ ಇಡಿಯೋ ಮಿಷನ್ನು. ಆ ಬ್ಯಾಂಕಿನೋನ ಕಡೆಯೋರ್ದೇ ಕೆಲ್ಸ ಇರ್ಬೇಕು, ಈಗ ಸೇಡು ತೀರಿಸ್ಕೋತಾವ್ರೆ."

ಕ್ಯಾನುಗಳ ಹಿಂದೆ ನಿಂತವರು ಇದನ್ನು ಒಪ್ಪಿದರು. ಕಾಯಿಲೆಯೊಂದು ಆರೋಪವಾಗಿ ಬದಲಾಗಲು ಹಾಲು ಅಳೆಯುವಷ್ಟು ಹೊತ್ತೂ ಹಿಡಿಯಲಿಲ್ಲ. ಜಯರಾಮಪ್ಪನವರ ಮುಖ ಕೆಂಪಾಯಿತು. ಅವರ ಆಯ್ಕೆಯೇ ಕಟಕಟೆಯಲ್ಲಿ ನಿಂತಿತ್ತು.

"ನಡೀರ್ಲಾ" ಎಂದರು. "ಗುರುವಾರ ಎಲ್ರೂ ಓಗೋಣ. ಇಟ್ಟೂ ನಮ್ದೇ ಇರ್ಲಿ. ಅವ್ರು ಕೊಡೋ ಬಿಳೀ ನೀರ್ನ ಯಾವನ್ ಬೇಕಾದ್ರೂ ನುಂಗ್ತಾನೆ."

ಗುರುವಾರ ಬೆಳಿಗ್ಗೆ ಉರಿಗಾಂನಿಂದ ಚಲಪತಿ, ಕಲಾ, ಜೊತೆಗಿರಲೆಂದು ಮಾರಿಯಮ್ಮ, ಮೂವರೂ ರೈಲು ಹತ್ತಿದರು. ದಾರಿಯಲ್ಲಿ ಕಲಾಳ ಫೋನು ಹೊಡೆದುಕೊಂಡಿತು. ತಂದೆಯವರು ಹಾಲಿನ ಟೆಂಪೋ ತುಂಬ ಜನರನ್ನು ಕಟ್ಟಿಕೊಂಡು, ಮುದ್ದೆಯ ಡಬ್ಬಿಯೊಂದಿಗೆ ಆಗಲೇ ನರ್ಸಿಂಗ್ ಹೋಮಿನ ಬಾಗಿಲಲ್ಲಿದ್ದರು. ಕೇಳಿದ್ದೇ ತಡ, ಚಲಪತಿ ಸೀಟಿನ ಕಂಬಿಯನ್ನು ಎರಡು ಕೈಯಿಂದ ಹಿಡಿದುಕೊಂಡ. ಬಂಗಾರಪೇಟೆ ಬಂತು, ಜನ ಇಳಿದರು, ಬೆಂಗಳೂರಿಗೆ ಹೋಗುವವರು ಹತ್ತಿದರು. ಚಲಪತಿ ಕಂಬಿ ಬಿಡಲಿಲ್ಲ.

"ಇಳೀರಿ" ಎಂದಳು ಕಲಾ.

"ನಾನು ಬೆಂಗ್ಳೂರಿಗೆ ಓಗ್ತೀನಿ. ಮಿಕ್ಸಿ ಬ್ಲೇಡು ತರ್ಬೇಕು."

"ಇವತ್ತೇ?"

"ಇವತ್ತು ಬಿಟ್ರೆ ಸಿಗಲ್ಲ."

ಮಾರಿಯಮ್ಮ ಇಳಿಯಲು ಎದ್ದವಳು ತಿರುಗಿ ಬಂದು ಅವನ ಪಕ್ಕದಲ್ಲಿ ಕುಳಿತಳು. "ಸೆರಿ ತಂಬಿ. ನಾನೂ ಬ್ಲೇಡು ನೋಡ್ದಂಗಾಗುತ್ತೆ" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ಆ ಕಾಲ್ದಲ್ಲಿ ನಮ್ಮೆಜಮಾನ್ರಿಗೂ ಇಂಗೇ ಒಳಗೆ ನೋಡಿದ್ರು. ಮೊದಲ್ನೇ ಸಲ ಕರೆದಾಗ ಓಗ್ಲಿಲ್ಲ. ಎದೇಲಿ ದೂಳು ಐತೆ ಅಂತ ತಿಳಿದ್ರೆ ಜತೆಯೋರು ನಗ್ತಾರೆ ಅಂದ್ರು. ಓಗೋವೊತ್ಗೆ ತಡ ಆಗೋಗಿತ್ತು. ಅವತ್ತು ನಗ್ಬೇಕಾದೋರು ಯಾರೂ ಇವತ್ತಿಲ್ಲ ತಂಬಿ. ನಾನೊಬ್ಳು ಇದೀನಿ, ನಂಗೆ ನಗು ಬರಲ್ಲ."

ಗಾಡಿ ಸೀಟಿ ಹೊಡೆಯಿತು. ಚಲಪತಿ ಕಂಬಿ ಬಿಟ್ಟು, ಮುದುಕಿಯ ಕೈ ಹಿಡಿದು ಇಳಿಸಿ, ತಾನೂ ಇಳಿದ.

ನರ್ಸಿಂಗ್ ಹೋಮಿನ ಎಕ್ಸರೇ ವಿಭಾಗದಲ್ಲಿ ಎರಡು ಕೋಣೆ. ಒಳಗಿನದರಲ್ಲಿ ಯಂತ್ರ; ಹೊರಗಿನದರಲ್ಲಿ ಪರದೆ; ನಡುವೆ ಗಾಜಿನ ಕಿಟಕಿ. ಹೊರಗಿನ ಕೋಣೆಯೊಳಗೆ ಇಬ್ಬರಿಗೆ ಮಾತ್ರ ಪ್ರವೇಶ ಎಂದು ದಿವ್ಯ ಹೇಳಿದರು. ಕಲಾ ಒಳಬಂದಳು. ಜಯರಾಮಪ್ಪನವರು ಹೆಣ್ಣು ಕೊಟ್ಟವರ ಹಕ್ಕಿನಲ್ಲಿ ಬಂದರು. ಶ್ರೀನಿವಾಸಪ್ಪ ಜನಪ್ರತಿನಿಧಿಯ ಹಕ್ಕಿನಲ್ಲಿ ಬಂದರು. ಮಾರಿಯಮ್ಮ ಯಾವ ಹಕ್ಕನ್ನೂ ಹೇಳದೆ ಬಂದು ಸ್ಟೂಲಿನ ಮೇಲೆ ಕುಳಿತಳು. ಉಳಿದ ಕ್ಯಾಸಂಬಳ್ಳಿ ಬಾಗಿಲ ಸಂದಿಯಲ್ಲಿ ತಲೆಯ ಮೇಲೆ ತಲೆಯಿಟ್ಟು ನಿಂತಿತು. ಇಬ್ಬರು ಎಂದರೆ ಇಬ್ಬರು ಎಂಬ ಸರಳ ಗಣಿತ ನಮ್ಮ ಜನಕ್ಕೆ ಶಾಲೆಯಲ್ಲಿ ಮಾತ್ರ ಅರ್ಥವಾಗುತ್ತದೆ.

ದಿವ್ಯ ಸೀಸದ ಭಾರವಾದ ಅಂಗಿ ತೊಟ್ಟರು.

"ಏನ್ ಮೇಡಂ, ಯುದ್ಧಕ್ಕೆ ಒಂಟಂಗೈತೆ" ಎಂದರು ಶ್ರೀನಿವಾಸಪ್ಪ.

"ಕಿರಣ ತಾಗಬಾರದು ಅಂತ. ಫೋನ್ ಜೇಬಲ್ಲಿಡಿ."

ಮಾರಿಯಮ್ಮ ಡಾಕ್ಟರನ್ನು ಮೇಲಿನಿಂದ ಕೆಳಗೆ ನೋಡಿ ಸಂಶಯದಿಂದ ಕೇಳಿದಳು. "ಕೆಂಪು ಕನ್ನಡ್ಕ ಎಲ್ಲಮ್ಮಾ? ಆಗಿನ ಡಾಕ್ಟ್ರು ಅದ್ನ ಆಕ್ಕೊಂಡು ಸುಮಾರೊತ್ತು ಕೂತಿದ್ದೇ ಒಳಗ್ ಬರೋರು. ಆಕ್ಕೊಳ್ದೆ ನೋಡಿದ್ರೆ ಕಾಣಲ್ವಂತೆ."

ದಿವ್ಯ ನಕ್ಕರು. "ನೀವು ನೋಡಿದೀರಾ ಅಜ್ಜಿ? ನಾನು ಪುಸ್ತಕದಲ್ಲಿ ಓದಿದ್ದು ಅಷ್ಟೇ. ಆಗಿನ ಪರದೆ ತುಂಬಾ ಮಂಕು. ಕಣ್ಣು ಕತ್ತಲೆಗೆ ಒಗ್ಗಬೇಕಿತ್ತು, ಅದಕ್ಕೆ ಕೆಂಪು ಕನ್ನಡಕ ಹಾಕ್ಕೊಂಡು ಕಾಯೋರು. ಈಗ ಕ್ಯಾಮೆರಾ ಇದೆ, ಟಿವಿ ಥರ ಬೆಳಕಾಗಿ ಕಾಣುತ್ತೆ. ಎಲ್ಲರೂ ನೋಡಬಹುದು."

"ಎಲ್ಲರೂ" ಎಂಬ ಮಾತು ಗಾಜಿನಾಚೆ ನಿಂತಿದ್ದ ಚಲಪತಿಗೆ ಕೇಳಿಸಿತು. ಅವನು ಕಣ್ಣು ಮುಚ್ಚಿಕೊಂಡ.

ಯಂತ್ರ ಗುಂಯ್‌ಗುಟ್ಟಿತು. ಪರದೆಯ ಮೇಲೆ ಬೂದು ಬಣ್ಣದ ಬೆನ್ನುಮೂಳೆ, ಪಕ್ಕೆಲುಬು, ದವಡೆ, ಹಲ್ಲಿನ ಸಾಲು ಮೂಡಿದವು.

"ಇದು ನಿಮ್ಮ ಅಳೀಮಯ್ಯಾನೇನಾ?" ಶ್ರೀನಿವಾಸಪ್ಪ ಕತ್ತು ಚಾಚಿದರು. "ಮಕ ಗೊತ್ತಾಗಲ್ವಲ್ಲ ಬಾವಾ."

"ನಡುಗ್ತಾ ಇರೋದ್ ನೋಡು. ನಮ್ಮೋರೇ."

ಮಾರಿಯಮ್ಮ ಬೆರಳು ತೋರಿದಳು. "ಅಲ್ಲಿ ಏನೋ ಬಡ್ಕೋತಾ ಐತಲ್ಲ, ಅದೇನಮ್ಮ?"

"ಹೃದಯ ಅಜ್ಜಿ."

ಮುದುಕಿ ಬಹಳ ಹೊತ್ತು ನೋಡಿದಳು. "ಇದ್ನ ನೋಡ್ಬೇಕು ಅಂತ ನಮ್ಮೆಜಮಾನ್ರಿಗೆ ಆಸೆ ಇತ್ತು. ಆಗಿನ ಪರ್ದೆ ಅವ್ರ ಎದೆ ಮುಂದೇನೇ ಇತ್ತು. ಆದ್ರೆ ಕಾಣೋದು ಡಾಕ್ಟ್ರಿಗೆ ಮಾತ್ರ."

ಶ್ರೀನಿವಾಸಪ್ಪ ಚಾಚಿದ್ದ ಕತ್ತನ್ನು ಹಿಂದಕ್ಕೆಳೆದು ಮುದುಕಿಗೆ ಪರದೆ ಕಾಣುವಂತೆ ಜಾಗ ಬಿಟ್ಟರು ಎಂಬುದನ್ನು ಅವರ ಪರವಾಗಿ ಇಲ್ಲಿ ದಾಖಲಿಸುತ್ತೇನೆ.

ಚಲಪತಿ ಬಿಳಿಯ ಔಷಧಿಯನ್ನು ಗುಟುಕರಿಸಿದ. ಪರದೆಯ ಮೇಲೆ ಅದು ಕಪ್ಪು ಗೆರೆಯಾಗಿ ಗಂಟಲಿನಿಂದ ಹಾವಿನಂತೆ ಇಳಿದು, ಹೊಟ್ಟೆಯ ಬಾಗಿಲಲ್ಲಿ ತುಸು ತಡೆದು, ಒಳಸೇರಿತು. ಶ್ರೀನಿವಾಸಪ್ಪ ಬಾಗಿಲ ಸಂದಿಗೆ ತಿರುಗಿ ಘೋಷಿಸಿದರು.

"ಅಗೀಲಿಲ್ಲ. ಎಲ್ರೂ ನೋಡ್ಕೊಳ್ರಪ್ಪ, ಅಗೀಲಿಲ್ಲ."

"ನೀರಿನಂಥದ್ದನ್ನ ಯಾರು ಅಗೀತಾರೆ ರೀ?" ದಿವ್ಯ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಕೆಳಗೆ ಎಲ್ಲೋ ಬಿಗಿ ಇದೆ. ಇದ್ರಲ್ಲಿ ಸರಿಯಾಗಿ ತಿಳೀತಿಲ್ಲ. ಗಟ್ಟಿ ಪದಾರ್ಥ ಕೊಟ್ಟು ನೋಡಬೇಕು. ಬ್ರೆಡ್ ತರಿಸ್ತೀನಿ."

ಜಯರಾಮಪ್ಪನವರು ಟವೆಲ್ಲಿನ ಗಂಟು ಬಿಚ್ಚಿ ಡಬ್ಬಿಯನ್ನು ಮುಂದಿಟ್ಟರು. "ಬ್ರೆಡ್ ಯಾಕವ್ವ? ಇಟ್ಟು ತಂದಿವ್ನಿ. ನಮ್ಮ ಒಲದ ರಾಗಿ."

ದಿವ್ಯ ಯೋಚಿಸಿದರು. "ತೊಂದರೆ ಕೊಡ್ತಿರೋದೂ ಅದೇ ಅಲ್ವಾ? ಸರಿ, ಕೊಡಿ." ಗೋಲಿಗಾತ್ರದ ಚೂರನ್ನು ಮುರಿದು ಬಿಳಿಯ ಔಷಧಿಯಲ್ಲಿ ಕಲಸಿದರು.

"ರಾಗಿಗೆ ಸುಣ್ಣ ಬಳದ್ಬುಟ್ರಲ್ಲವ್ವ" ಎಂದು ಜಯರಾಮಪ್ಪನವರು ನೊಂದು ನುಡಿದರು.

ಚೂರು ಚಲಪತಿಯ ಕೈಸೇರಿತು. ದಿವ್ಯ ಮೈಕಿನಲ್ಲಿ ಹೇಳಿದರು. "ಚಲಪತಿಯವರೇ, ಮನೇಲಿ ಹೇಗೆ ತಿಂತೀರೋ ಹಾಗೇ ತಿನ್ನಿ. ಬೇಕಿದ್ರೆ ಅಗೀರಿ."

ಓದುಗರೇ, ಮನೆಯಲ್ಲಿ ಅವನು ಹೇಗೆ ತಿನ್ನುತ್ತಿದ್ದನೆಂದು ನಿಮಗೆ ಗೊತ್ತು. ಕಲಾಳಿಗೂ ಗೊತ್ತು, ಅವಳು ಗಾಜಿನ ಮೂಲಕ ದವಡೆ ಆಡಿಸಿ ತೋರಿಸಿದಳು. ಆದರೆ ಅವಳ ಪಕ್ಕದಲ್ಲಿ ಜಯರಾಮಪ್ಪನವರು ಗಲ್ಲವೆತ್ತಿ, ಮೀಸೆಯ ಮೇಲೆ ಕೈಯಿಟ್ಟು ನಿಂತಿದ್ದರು. ಕುರ್ಚಿ ಇರಲಿಲ್ಲ, ದೃಷ್ಟಿ ಮಾತ್ರ ಹೆಣ್ಣು ನೋಡಿದ ದಿನದ್ದೇ. ಚಲಪತಿ ಹೆಂಡತಿಯನ್ನು ನೋಡಿದ, ಮಾವನನ್ನು ನೋಡಿದ, ಬಾಯಿ ತೆರೆದ, ಮತ್ತು ನುಂಗಿದ.

ಕಪ್ಪು ಚೂರು ಇಳಿಯಿತು. ಕೊರಳು ದಾಟಿತು, ಎದೆ ದಾಟಿತು. ಶ್ರೀನಿವಾಸಪ್ಪ ಚಪ್ಪಾಳೆಗೆ ಕೈಯೆತ್ತಿದರು. ಹೊಟ್ಟೆಯ ಬಾಗಿಲಿಗೆ ಬಂದ ಚೂರು, ಕರೆಯದ ಮನೆಗೆ ಬಂದ ನೆಂಟನಂತೆ, ಅಲ್ಲೇ ನಿಂತುಬಿಟ್ಟಿತು. ಅನ್ನನಾಳ ಹಿಂಡಿತು, ಚೂರು ಅಲುಗಲಿಲ್ಲ. ಮತ್ತೆ ಹಿಂಡಿತು, ತುಸು ಮೇಲಕ್ಕೆ ಬಂದು ಮತ್ತೆ ಕೂತಿತು. ಗಾಜಿನಾಚೆ ಚಲಪತಿ ಎದೆ ಹಿಡಿದುಕೊಂಡ. ಕಣ್ಣಿನಿಂದ ನೀರಿಳಿಯಿತು.

ಇಷ್ಟು ತಿಂಗಳು ಬಾಗಿಲ ಹಿಂದೆ ನಡೆಯುತ್ತಿದ್ದುದು ಹೀಗೆ ಎಲ್ಲರ ಕಣ್ಣ ಮುಂದೆ ನಡೆಯಿತು. ಶ್ರೀನಿವಾಸಪ್ಪನವರ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಜಯರಾಮಪ್ಪನವರು ಗಾಜನ್ನು ಅಂಗೈಯಿಂದ ಬಡಿದರು.

"ಅಗೀರಿ ಅಳಿಯಂದ್ರೇ. ಅಗೀರಿ. ನಾನ್ ಯೋಳ್ತಾ ಇವ್ನಿ, ಅಗೀರಿ."

"ಅದು ಹೊಟ್ಟೆ ಹತ್ರ ಇದೆ ಯಜಮಾನ್ರೇ" ಎಂದರು ದಿವ್ಯ. "ಅಲ್ಲಿ ಹಲ್ಲಿಲ್ಲ. ಚಲಪತಿಯವರೇ, ಗಾಬರಿಯಾಗಬೇಡಿ. ನಿಧಾನಕ್ಕೆ ನೀರು ಕುಡೀರಿ. ಇನ್ನೊಂದು ಗುಟುಕು."

ನೀರು ಇಳಿಯಿತು. ಚೂರು ಯೋಚಿಸಿತು. ಕೊನೆಗೆ ಅಂಚು ಸಣ್ಣಗಾಗಿ ಒಳಗೆ ಜಾರಿತು. ಬಾಗಿಲ ಸಂದಿಯ ತಲೆಗಳೆಲ್ಲ ಒಂದೇ ಉಸಿರು ಬಿಟ್ಟವು.

ದಿವ್ಯ ಚಿತ್ರವನ್ನು ಹಿಂದಕ್ಕೆ ಓಡಿಸಿ ತೋರಿಸಿದರು. "ಇಲ್ಲಿ ನೋಡಿ, ಉಂಗುರ ಹಾಕಿದ ಹಾಗೆ ಬಿಗಿದುಕೊಂಡಿದೆ. ಅಂಚು ನುಣುಪಾಗಿದೆ, ಕೆಟ್ಟ ಗಡ್ಡೆ ಥರ ಕಾಣ್ತಿಲ್ಲ. ಕೊಳವೆ ಹಾಕಿ ಒಂದು ಸಲ ನೋಡಿ ಖಚಿತ ಮಾಡ್ಕೊಳ್ಳೋಣ; ಆಗಲೇ ಹಿಗ್ಗಿಸಲೂಬಹುದು. ಒಳ್ಳೇದಾಗಿ ಬಂದ್ರಿ. ಅಲ್ಲೀವರೆಗೂ, ಆಮೇಲೂ, ಏನೇ ತಿಂದ್ರೂ ಚೆನ್ನಾಗಿ ಅಗಿದು ತಿನ್ನಬೇಕು."

"ಇಟ್ಟು ಬುಟ್ಟು ಬೇರೇದ್ನೆಲ್ಲಾ ಅಗೀಲಿ" ಎಂದು ಜಯರಾಮಪ್ಪನವರು ಚೌಕಾಸಿಗೆ ಇಳಿದರು.

"ಇಟ್ಟನ್ನೇ ಮೊದಲು ಅಗೀಬೇಕು."

"ಅಬ್ಬ ಅರಿದಿನದಲ್ಲಾದ್ರೂ ಬಿಡ್ಬೋದಾ?"

"ಯಜಮಾನ್ರೇ, ನಿಮಗೆ ಅಳಿಯ ಬೇಕೋ, ಅವರು ನುಂಗೋದು ಬೇಕೋ?"

ಜಯರಾಮಪ್ಪನವರು ಪರದೆಯನ್ನು ನೋಡಿದರು. ಅಲ್ಲಿ ಚೂರು ನಿಂತ ಜಾಗ ಇನ್ನೂ ಹಾಗೇ ಕಾಣುತ್ತಿತ್ತು.

ನರ್ಸಿಂಗ್ ಹೋಮಿನ ಅಂಗಳದಲ್ಲಿ, ಟೆಂಪೋದ ನೆರಳಿನಲ್ಲಿ, ಊಟಕ್ಕೆ ಕುಳಿತರು. ಡಬ್ಬಿಯಲ್ಲಿ ಮುದ್ದೆ ಉಳಿದಿತ್ತು, ಸಾರೂ ಇತ್ತು. ಚಲಪತಿ ತುತ್ತನ್ನು ಕೈಯಲ್ಲಿ ಹಿಡಿದು ತಲೆತಗ್ಗಿಸಿಕೊಂಡಿದ್ದ. ಕ್ಯಾಸಂಬಳ್ಳಿಗೆ ಕ್ಯಾಸಂಬಳ್ಳಿಯೇ ಅವನ ಕೆನ್ನೆಯನ್ನು ನೋಡುತ್ತಿತ್ತು. ಅಷ್ಟೆಲ್ಲ ಕಂಡ ಮೇಲೂ ನೋಡುತ್ತಿತ್ತು.

"ಏನ್ಲಾ ನೋಡ್ತೀರಾ?" ಎಂದರು ಜಯರಾಮಪ್ಪನವರು. ದೊಡ್ಡದೊಂದು ತುತ್ತು ಮುರಿದು ತಮ್ಮ ಬಾಯಿಗೇ ಹಾಕಿಕೊಂಡು, ಹುಟ್ಟಿದಂದಿನಿಂದ ಮಾಡದ ಕೆಲಸವನ್ನು ಮಾಡತೊಡಗಿದರು. ಅಭ್ಯಾಸವಿರಲಿಲ್ಲ. ಮುದ್ದೆ ಮೇಲಿನ ಹಲ್ಲಿಗೆ ಅಂಟಿತು, ಕೆಳಗಿನದಕ್ಕೆ ಅಂಟಿತು, ನಾಲಗೆಯನ್ನೂ ಕಚ್ಚಿಕೊಂಡರು. ಆದರೂ ಬಿಡಲಿಲ್ಲ. ಶ್ರೀನಿವಾಸಪ್ಪ ಬೇರೆ ಕಡೆ ಮುಖ ತಿರುಗಿಸಿದರು, ಮಾನಹೋಗುವುದನ್ನು ನೋಡಬಾರದೆಂಬಂತೆ.

ಜಯರಾಮಪ್ಪನವರ ದವಡೆ ನಿಧಾನವಾಯಿತು. ಹುಬ್ಬು ಮೇಲೇರಿತು.

"ಅಳಿಯಂದ್ರೇ" ಎಂದರು, ಬಾಯಿ ತುಂಬಿಕೊಂಡೇ. "ಇದ್ಕೆ ರುಚಿ ಐತಲ್ರೀ."

"ಐತೆ ಮಾವ" ಎಂದ ಚಲಪತಿ. "ನಂಗೂ ಇತ್ತೀಚ್ಗೇ ಗೊತ್ತಾಗಿದ್ದು." ಎಲ್ಲರ ಎದುರಿಗೆ, ಹಗಲು ಹೊತ್ತಿನಲ್ಲಿ, ಅವನು ಅಗಿದ.

ಮುಂದಿನ ವಾರ ಕೊಳವೆ ಹಾಕಿ ನೋಡಿದರು. ಕೆಟ್ಟದ್ದೇನೂ ಇರಲಿಲ್ಲ. ಬಿಗಿಯನ್ನು ಹಿಗ್ಗಿಸಿದರು. ಅವನ ಮೈಗೆ ಮತ್ತೆ ಮಾಂಸ ಹತ್ತುತ್ತಿದೆ. ಇಷ್ಟಕ್ಕೇ ಕಥೆ ಸುಖವಾಯಿತೆಂದು ನೀವು ಎದ್ದು ಹೋಗಬೇಡಿ. ನನ್ನ ದೂರು ಚಲಪತಿಯ ಮೇಲಲ್ಲ, ನಿಮ್ಮ ಮೇಲೆ. ನಿಮ್ಮ ಪಂಕ್ತಿಯಲ್ಲೂ ಒಬ್ಬನಿದ್ದಾನೆ: ಪ್ರತಿ ತುತ್ತಿಗೂ ನೀರಿಗೆ ಕೈಚಾಚುವವನು, ಹಸಿವಿಲ್ಲವೆಂದು ಬೇಗ ಏಳುವವನು, ಅಂಗಿ ಸಡಿಲವಾದರೆ ಒಗೆದು ಹಿಗ್ಗಿತು ಎನ್ನುವವನು. ಇಂದಿನ ಊಟಕ್ಕೆ ಕುಳಿತಾಗ ಅವನ ಕೆನ್ನೆಯಿಂದ ನಿಮ್ಮ ಕಣ್ಣನ್ನು ತೆಗೆಯಿರಿ. ಊಟ ಮುಗಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದು, ನಗದೆ, ಎಂದಿನಿಂದ ಹೀಗೆ ಎಂದು ಕೇಳಿರಿ. ನಾಳೆ ಬೆಳಿಗ್ಗೆ ನೀವೇ ಜೊತೆಗೆ ಹೋಗಿ ಅವನನ್ನು ವೈದ್ಯರ ಮುಂದೆ ಕೂರಿಸಿರಿ.